ತರಗೆಲೆ ಕಸವಲ್ಲ ಕಣ್ರೀ!

ಈ ಭಾನುವಾರ ಬೆಳಿಗ್ಗೆ ಬಿಂದಿಗೆ, ಗುದ್ದಲಿ ಹಿಡಿದು ಹೋದರೆ ನಮ್ಮ ಬಡಾವಣೆಯ ಪುಟ್ಟ ಕಾಡಿನ ತುಂಬಾ ಹೊಗೆ. ಯಾರೋ ತರಗೆಲೆ ಗುಡಿಸಿ, ಗಿಡದ ಬುಡಕ್ಕೇ ರಾಶಿ ಹಾಕಿ ಕಡ್ಡಿ ಗೀರಿದ್ದಾರೆ. ಮೂರು ವರ್ಷ ನೀರು ಹೊತ್ತು ಸಾಕಿದ ಎರಡು ಹೊಂಗೆ, ಒಂದು ನೇರಳೆ ಕರಕಲಾಗಿವೆ. ನನಗಂತೂ ಅಳುವೇ ಬಂತು.

ಕೇಳಿದರೆ "ಕ್ಲೀನ್ ಮಾಡಿದ್ವಿ" ಅಂತಾರೆ. ತರಗೆಲೆ ಕಸವೇನ್ರೀ? ತುಮಕೂರಿನ ಬಿಸಿಲಲ್ಲಿ ನೆಲದ ತೇವ ಹಿಡಿದಿಡೋದೇ ಅದು. ಗೆದ್ದಲು, ಎರೆಹುಳು ಸೇರಿ ಗೊಬ್ಬರ ಮಾಡೋದೂ ಅದನ್ನೇ. ದೇವರಾಯನದುರ್ಗದ ಕಾಡಿಗೆ ಹೋಗಿ ತಂಪಾಗಿದೆ ಅಂತ ಕೂತು ಬರ್ತೀರಲ್ಲ, ಅಲ್ಲಿ ದಿನಾ ಯಾರು ಪೊರಕೆ ಹಿಡೀತಾರೆ?

ನಿಜವಾದ ಕಸ ಮಾತ್ರ ಯಾರ ಕಣ್ಣಿಗೂ ಬೀಳಲ್ಲ. ಕವರಲ್ಲಿ ಗಂಟು ಕಟ್ಟಿದ ಹಳಸಿದ ಅನ್ನ, ಡೈಪರು, ಎಳನೀರು ಬುರುಡೆ, ಒಡೆದ ಬಾಟಲಿ, ಮನೆ ಕೆಡವಿದ ಇಟ್ಟಿಗೆ ಚೂರು. ಗಾಜು ಒಡೆದ ದೇವರ ಫೋಟೊ ತಂದು ಅರಳಿ ಬುಡಕ್ಕೆ ಒರಗಿಸಿ, ಕೈಮುಗಿದು ಹೋಗ್ತಾರೆ! ಅದನ್ನು ಎತ್ತಬೇಕಾದವರು ಯಾರು? ಜೂನ್ 5ರ ಪರಿಸರ ದಿನಕ್ಕೆ ಸಸಿ ನೆಡೋಕೆ ಜನವೋ ಜನ. ಏಪ್ರಿಲ್‌ನಲ್ಲಿ ನೀರು ಹೊರೋಕೆ ನಾವು ಆರೇ ಜನ.

ಸಾಲುಮರದ ತಿಮ್ಮಕ್ಕ ಹುಟ್ಟಿದ್ದು ನಮ್ಮ ಗುಬ್ಬಿ ತಾಲ್ಲೂಕಲ್ಲಿ. ಕೂಲಿ ಮಾಡ್ಕೊಂಡೇ, ಗಂಡನ ಜೊತೆ ನೀರು ಹೊತ್ತು ರಸ್ತೆ ಬದಿ ಆಲದ ಸಾಲು ಬೆಳೆಸಿದ ತಾಯಿ. 2019ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮೋರು ಅಂತ ಎದೆ ಉಬ್ಬಿಸಿದ ಊರಲ್ಲೇ ಗಿಡದ ಬುಡಕ್ಕೆ ಬೆಂಕಿ ಇಡೋಕೆ ಹೇಗೆ ಮನಸ್ಸು ಬರುತ್ತೆ?

ನೇರಳೆ ಬುಡಕ್ಕೆ ಎರಡು ಬಿಂದಿಗೆ ನೀರು ಹುಯ್ದು ಬಂದಿದ್ದೀನಿ. ಬೇರು ಉಳಿದಿದ್ದರೆ ಸಾಕು.