ಎತ್ತಿಲ್ಲದೆ ಓಡಿದ ಚಕ್ಕಡಿ

ಧ್ರುವನಿಗೆ ಅಚಲ ಪದವಿ ಕೊಟ್ಟರು, ಸರಿ. ಇನ್ನೊಂದಿಷ್ಟು ಮೇಲೆ ಕೊಡಬಾರದಿತ್ತಾ? ನಾವು ಎಷ್ಟನೇ ಅಕ್ಷಾಂಶದಲ್ಲಿ ಇರುತ್ತೇವೋ, ಧ್ರುವ ನಕ್ಷತ್ರ ದಿಗಂತದಿಂದ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಮೇಲಿರುತ್ತದೆ. ಲಂಡನ್ನಿನವರಿಗೆ 51. ಅಣ್ಣಿಗೇರಿಯವರಿಗೆ ಬರೀ 15. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ನಮ್ಮ ಧ್ರುವ ಒಂದೂವರೆ ಮುಷ್ಟಿ ಎತ್ತರದವನು. ಆ ಎತ್ತರದಲ್ಲಿ ನಮ್ಮ ಕಡೆ ಏನಿರುತ್ತದೆ ಗೊತ್ತಲ್ವಾ? ಬೇವಿನ ಗಿಡ, ಕರೆಂಟ್ ಕಂಬ, ನೀರಿನ ಟಾಕಿ, ಧೂಳು.

ಸ್ಟಾರ್ ಟ್ರ್ಯಾಕರ್ ಕೊಳ್ಳುವಾಗ ಇದನ್ನು ಯಾರೂ ಹೇಳುವುದಿಲ್ಲ. ರಾತ್ರಿ ಆಕಾಶದ ಫೋಟೋ ತೆಗೆಯಲು ಟ್ರೈಪಾಡಿಗೂ ಕ್ಯಾಮೆರಾಕ್ಕೂ ನಡುವೆ ಕೂರುವ ಪುಟ್ಟ ಯಂತ್ರ ಅದು. ಭೂಮಿ ಒಂದು ಕಡೆ ತಿರುಗಿದರೆ ಇದು ಕ್ಯಾಮೆರಾವನ್ನು ಇನ್ನೊಂದು ಕಡೆ ತಿರುಗಿಸುತ್ತದೆ, 23 ಗಂಟೆ 56 ನಿಮಿಷಕ್ಕೆ ಒಂದು ಸುತ್ತು. ಇದಿಲ್ಲದಿದ್ದರೆ 24 ಎಂಎಂ ಲೆನ್ಸಿನಲ್ಲಿ 20 ಸೆಕೆಂಡು ದಾಟುವಷ್ಟರಲ್ಲಿ ಚುಕ್ಕಿಗಳು ಗೆರೆಯಾಗಲು ಶುರುವಾಗುತ್ತವೆ. ಇದ್ದರೆ 2 ನಿಮಿಷ ಶಟರ್ ತೆರೆದಿಟ್ಟರೂ ಚುಕ್ಕಿ ಚುಕ್ಕಿಯೇ. ಯಂತ್ರದ ಅಕ್ಷ ಮಾತ್ರ ಧ್ರುವದ ಕಡೆ ನೆಟ್ಟಿರಬೇಕು. ಅದೂ ನಕ್ಷತ್ರಕ್ಕೇ ಅಲ್ಲ, ಅದರಿಂದ ಅರ್ಧ ಡಿಗ್ರಿಗಿಂತ ತುಸು ಜಾಸ್ತಿ ಪಕ್ಕಕ್ಕೆ. ಅಚಲ ಅನ್ನಿಸಿಕೊಂಡವನೂ ದಿನಾ ಒಂದು ಸಣ್ಣ ಸುತ್ತು ಹಾಕುತ್ತಾನೆ!

ಮಾರ್ಚ್ ಅಮಾವಾಸ್ಯೆ. ಹುಬ್ಬಳ್ಳಿ-ಗದಗ ರಸ್ತೆಯ ದಕ್ಷಿಣಕ್ಕೆ ಗೆಳೆಯನ ಹೊಲ. ಕಡಲೆ ಕಿತ್ತಾಗಿತ್ತು. ಪೂರ್ವಕ್ಕೆ ಗದಗಿನ ಬೆಳಕು, ಪಶ್ಚಿಮಕ್ಕೆ ಹುಬ್ಬಳ್ಳಿಯದು. ದಕ್ಷಿಣ ಮಾತ್ರ ಚೆನ್ನಾಗಿ ಕಪ್ಪಗಿತ್ತು. ಉತ್ತರದ ಒಡ್ಡಿನ ಮೇಲೆ ಬೇವಿನ ಗಿಡ, ಅದರ ಹಿಂದೆ ಧ್ರುವ. ಟ್ರೈಪಾಡ್ ಹೊತ್ತು ದಕ್ಷಿಣಕ್ಕೆ ಸರಿಯುತ್ತಾ ಹೋದೆ. ಗಿಡದ ನೆತ್ತಿ ಬಿಟ್ಟು ಧ್ರುವ ಕಂಡ, ಕಾಲೂರಿದೆ. ಎರಿ ಭೂಮಿ ಬೇಸಿಗೆಯಲ್ಲಿ ಹೇಗೆ ಬಿರಿಯುತ್ತದೆ ಅಂತ ಈ ಕಡೆಯವರಿಗೆ ಹೇಳಬೇಕಾಗಿಲ್ಲ. ಟ್ರೈಪಾಡಿನ ಒಂದು ಕಾಲು ಮೊಳದುದ್ದ ಬಿರುಕಿನಲ್ಲಿ ಇಳಿದೇ ಬಿಟ್ಟಿತು. ಗೆಳೆಯನ ಕಾಕಾ ಶೆಡ್ಡಿನ ಹಿಂದಿನಿಂದ ಮೂರು ಫರಸಿ ತುಂಡು ತಂದು ಕಾಲಿಗೊಂದರಂತೆ ಇಟ್ಟರು. ಯಂತ್ರದ ಡಬ್ಬಿಯಲ್ಲಿ ಇಂಥದ್ದೊಂದು ಕೊಡಬೇಕಿತ್ತು, ಸುಮ್ನೆ ಚೀಲ ಕೊಟ್ಟಿದ್ದಾರೆ.

ಧ್ರುವ ತಗ್ಗಿನಲ್ಲಿದ್ದರೆ ಅವನನ್ನು ನೋಡಲು ಯಂತ್ರದಲ್ಲಿರುವ ಕಿಂಡಿಯೂ ನೆಲಕ್ಕೆ ಸಮನಾಗಿ ಮಲಗುತ್ತದೆ. ನಾನೂ ಮಂಡಿಯೂರಿ, ಕೆಂಪು ಟಾರ್ಚ್ ಬಾಯಲ್ಲಿ ಕಚ್ಚಿ, ಒಂದೇ ಕಣ್ಣಲ್ಲಿ ನೋಡುತ್ತಿದ್ದೆ. ರಸ್ತೆಯಲ್ಲಿ ಹೊರಟಿದ್ದ ಬೈಕೊಂದು ನಿಂತಿತು.

“ಯಾವ ರಸ್ತೆ ಸರ್ವೇರೀ ಇದು? ನಮ್ಮ ಹೊಲಾನೂ ಹೋಗ್ತೈತೇನ್ರಿ?”

“ರಸ್ತೆ ಅಲ್ರೀ, ನಕ್ಷತ್ರ.”

“ಹಗಲೊತ್ತು ಬಂದ್ರ ಮಂದಿ ಬಿಡೂದಿಲ್ಲಂತ ರಾತ್ರಿ ಬಂದೀರೇನು?”

ಕಾಕಾ ಚಹಾ ಕುಡಿಸಿ ಕಳಿಸಿದರು. ಹೋಗುವಾಗಲೂ ಆತ ಫರಸಿ ಕಲ್ಲುಗಳನ್ನು ಅನುಮಾನದಿಂದ ನೋಡಿದ. ಗಡಿ ಕಲ್ಲು ಅಂದುಕೊಂಡಿರಬೇಕು.

ಅಷ್ಟೊತ್ತಿಗೆ ಆಗ್ನೇಯದಲ್ಲಿ ವೃಶ್ಚಿಕ ಮೇಲೇರಿತ್ತು, ಹಿಂದೆಯೇ ಆಕಾಶಗಂಗೆಯ ನಡುಭಾಗ. ಇಲ್ಲಿ ಲಂಡನ್ನಿನವರ ಆಟ ನಡೆಯುವುದಿಲ್ಲ. ಅವರಿಗೆ ಅದು ಹೆಚ್ಚೆಂದರೆ 10 ಡಿಗ್ರಿ ಏರುತ್ತದೆ, ನಮಗೆ 45. ಧ್ರುವನ ವಿಷಯದಲ್ಲಿ ಆದ ನಷ್ಟ ಇಲ್ಲಿ ಬಡ್ಡಿ ಸಮೇತ ವಾಪಸ್. ಆದರೆ ಅದು ರಾತ್ರಿಯಿಡೀ ಕಾಣುವ ಜೂನ್-ಜುಲೈನಲ್ಲಿ ನಮಗೆ ಮೋಡ. ಅದಕ್ಕೇ ಮಾರ್ಚಿನಲ್ಲಿ ನಿದ್ದೆಗೆಡುವುದು.

ಶಟರ್ ಒತ್ತಿದೆ. ಒಂದು ನಿಮಿಷ ಕಳೆದಿರಬಹುದು, ತ್ರೀ ಫೇಸ್ ಕರೆಂಟ್ ಬಂತು. ಆಟೋ ಸ್ಟಾರ್ಟರ್ ಇದ್ದ ಪಂಪು ತಾನೇ ಗುಂಯ್ ಅಂತು. ಶೆಡ್ಡಿನ ಎಲ್ಇಡಿ ಬಲ್ಬೂ ಹತ್ತಿ, ಹೊಲವೆಲ್ಲ ಮದುವೆ ಮನೆಯಾಯಿತು. ಫೋಟೋದಲ್ಲಿ ನಕ್ಷತ್ರ ಬಿಟ್ಟು ಉಳಿದದ್ದೆಲ್ಲ ಕಾಣುತ್ತಿತ್ತು.

ಬಲ್ಬು ಕಳಚಿದ ಮೇಲೆ ಒಂದು ಚಲೋ ಫೋಟೋ ಬಂತು. ಚಿತ್ರಕ್ಕೆ ಚೆಂದ ಅಂತ ಕಾಕಾ ತಾವೇ ಮುಂದೆ ತಂದು ನಿಲ್ಲಿಸಿದ್ದ ಚಕ್ಕಡಿಯೂ ಅದರಲ್ಲಿತ್ತು. ಕ್ಯಾಮೆರಾ ಆಕಾಶದ ಜೊತೆ ತಿರುಗುವಾಗ ನೆಲದ ಮೇಲಿನದು ಅಲುಗಿದಂತೆ ಬೀಳುತ್ತದೆ. ಕಾಕಾ ಕನ್ನಡಕ ಏರಿಸಿ ನೋಡಿದರು.

“ಚುಕ್ಕಿ ಎಲ್ಲಾ ಗಪ್ಪನ ನಿಂತಾವು. ಎತ್ತಾ ಕಟ್ಟಿಲ್ಲ, ಚಕ್ಕಡಿ ಹೆಂಗ ಓಡಾಕ ಹತ್ತೇತೋ?”

ಭೂಮಿ ತಿರುಗುವ ಕಥೆ ಹೇಳಿದೆ. ಟ್ರ್ಯಾಕರ್ ನಿಲ್ಲಿಸಿ ಚಕ್ಕಡಿಯದೇ ಇನ್ನೊಂದು ಫೋಟೋ ತೆಗೆದು, ಎರಡನ್ನೂ ಕಂಪ್ಯೂಟರಿನಲ್ಲಿ ಕೂಡಿಸುತ್ತಾರೆ ಅಂತಲೂ ಹೇಳಿದೆ.

“ಕೂಡಿಸಿದ ಮ್ಯಾಲೇ ಮನ್ಯಾಗ ತೋರಿಸು,” ಅಂದರು ಕಾಕಾ. “ಇದನ್ನ ನೋಡಿದ್ರ ನಿಮ್ಮ ಕಾಕು, ಎತ್ತು ಮಾರಿ ಚಕ್ಕಡಿಗೆ ಮೋಟಾರ್ ಕೂಡಿಸ್ಯಾನ ಅಂತಾಳ.”