ಮೂರನೇ ದಿನದ ಮೆಸೇಜು

ಬೆಳಗಿನ 5:40ಕ್ಕೆ ಗ್ರೂಪಿಗೆ ಮೊದಲ ಮೆಸೇಜು ಬೀಳುತ್ತದೆ. ತಾವರೆ ಹೂವು, ಅದರ ಹಿಂದೆ ಸೂರ್ಯ, ಮೇಲೊಂದು ಸುಭಾಷಿತ. ಆರೂಕಾಲರೊಳಗೆ ಅಂಥವೇ ಇನ್ನೂ ಒಂಬತ್ತು. ರಾತ್ರಿ ಯಾರೋ ಒಬ್ಬರು 14,000 ಸ್ಟೆಪ್ಸಿನ ಸ್ಕ್ರೀನ್‌ಶಾಟ್ ಹಾಕುತ್ತಾರೆ, ಅದಕ್ಕೆ ಹದಿನೇಳು ಹೆಬ್ಬೆಟ್ಟು, ನಾಲ್ಕು ‘ಸೂಪರ್’. ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಎಲ್ಲಿ ನೋಡಿದರೂ ಈಗ ವಾಕಿಂಗ್ ಗ್ರೂಪು, ಫಿಟ್ನೆಸ್ ಗ್ರೂಪು. ಹೆಚ್ಚಿನವು ನಡೆಯುವುದು ಹೀಗೇ. ಆರು ತಿಂಗಳಾದ ಮೇಲೆ ನಡೆಯುವವರು ಅದೇ ಎಂಟು ಜನ, ಅವರು ಗ್ರೂಪು ಇಲ್ಲದಿದ್ದರೂ ನಡೆಯುತ್ತಿದ್ದವರು.

ನನ್ನ ಮಟ್ಟಿಗೆ ಇಂಥ ಗ್ರೂಪಿನಲ್ಲಿ ಕೆಲಸಕ್ಕೆ ಬರುವ ಮೆಸೇಜು ಒಂದೇ. ಅದು ಗ್ರೂಪಿನಲ್ಲಿ ಕಾಣಿಸುವುದೂ ಇಲ್ಲ. ಎರಡು ದಿನ ಬಾರದವರಿಗೆ ಮೂರನೇ ದಿನ, ಹೆಸರು ಹಿಡಿದು, ಅವರೊಬ್ಬರಿಗೇ ಹೋಗುವ ಮೆಸೇಜು ಅದು.

ಮೂರನೇ ದಿನವೇ ಯಾಕೆ? ಒಂದು ದಿನ ತಪ್ಪಿದರೆ ಏನೂ ಕೆಡುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ ಅಭ್ಯಾಸ ಹೇಗೆ ಕೂರುತ್ತದೆ ಎಂದು ಲೆಕ್ಕ ಹಾಕಿದ್ದರು. ಒಂದು ಕೆಲಸ ತಾನಾಗಿ ಆಗುವಂತಾಗಲು ಬೇಕಾದದ್ದು ಸುಮಾರು 66 ದಿನ, ಅದೂ ಒಬ್ಬರಿಗೆ 18, ಇನ್ನೊಬ್ಬರಿಗೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ‘21 ದಿನ ಮಾಡಿ, ಅಭ್ಯಾಸ ಆಗಿಬಿಡುತ್ತದೆ’ ಎಂಬ ಫಾರ್ವರ್ಡನ್ನು ಇನ್ನು ಕಳಿಸಬೇಡಿ. ಆ 21ರ ಮೂಲ 1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಬರೆದ ಮಾತು. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ ಅಷ್ಟು ದಿನ ಬೇಕು ಎಂದಿದ್ದರು. ನಡಿಗೆಗೂ ಅದಕ್ಕೂ ಏನು ಸಂಬಂಧವೋ! 22ನೇ ದಿನವೂ ಏಳಲು ಬೇಜಾರಾದವರು ‘ನನ್ನಲ್ಲೇ ಏನೋ ಕೊರತೆ’ ಅಂದುಕೊಂಡು ಬಿಟ್ಟುಬಿಡುತ್ತಾರೆ, ಲಾಭ ಅಷ್ಟೇ.

ಒಂದು ದಿನ ಮಳೆ, ಎರಡನೇ ದಿನ ನೆಂಟರು. ಮೂರನೇ ದಿನ ಕಾರಣ ಹೋಗಿ ನಾಚಿಕೆ ಬಂದು ಕೂತಿರುತ್ತದೆ. ವಾರ ಕಳೆದರೆ ಆ ಮನುಷ್ಯ ಗ್ರೂಪನ್ನು ಮ್ಯೂಟ್ ಮಾಡಿರುತ್ತಾನೆ. ಮಾತಾಡಿಸುವುದಿದ್ದರೆ ಮೂರನೇ ದಿನವೇ ಮಾತಾಡಿಸಬೇಕು. ಹೇಗೆ?

‘ಅಕ್ಕಾ, ಎರಡು ದಿನ ಕಾಣಲಿಲ್ಲ. ಮೊಣಕಾಲು ಮತ್ತೆ ಶುರುವಾಯ್ತಾ, ಮನೆಗೆ ನೆಂಟರು ಬಂದ್ರಾ? ನಾಳೆ ಆರೂಕಾಲಿಗೆ ಮ್ಯೂಸಿಯಂ ಹಡಗಿನ ಹತ್ತಿರ ಇರ್ತೇನೆ. ಹತ್ತೇ ನಿಮಿಷ. ಆಮೇಲೆ ಬೇಕಿದ್ರೆ ವಾಪಸ್ ಬರುವಾ.’

ಇದರಲ್ಲಿ ಉಪದೇಶ ಒಂದು ಸಾಲೂ ಇಲ್ಲ. ಕಾಣಲಿಲ್ಲ ಎನ್ನುವುದು ಗಮನಿಸಿದ ಲೆಕ್ಕ. ಮೊಣಕಾಲು, ನೆಂಟರು ಎಂದದ್ದು ಅವರಿಗೆ ಮುಜುಗರವಿಲ್ಲದೆ ಹೊರಬರಲು ಎರಡು ಬಾಗಿಲು. ಆಮೇಲೆ ಗಂಟೆ, ಜಾಗ (ಕಾರವಾರದ ಬೀಚಿನಲ್ಲಿ ಮ್ಯೂಸಿಯಂ ಆಗಿ ನಿಂತಿರುವ ಹಳೆ ಯುದ್ಧನೌಕೆ), ಎಷ್ಟು ಹೊತ್ತು. ಈ ಮೂರರಲ್ಲಿ ಒಂದು ಬಿಟ್ಟರೂ ಮೆಸೇಜು ಸುಭಾಷಿತವಾಗಿಬಿಡುತ್ತದೆ. ‘ಬೆಳಿಗ್ಗೆ ಬನ್ನಿ’ ಎಂದರೆ ಯಾರೂ ಬರುವುದಿಲ್ಲ, ‘ಆರೂಕಾಲಿಗೆ ಹಡಗಿನ ಹತ್ತಿರ’ ಎಂದರೆ ಅಲ್ಲಿ ಒಬ್ಬರು ಕಾಯುತ್ತಿರುತ್ತಾರೆ ಎಂಬುದೇ ಹಾಸಿಗೆಯಿಂದ ಎಬ್ಬಿಸುತ್ತದೆ. ‘ನಾಳೆ ನೋಡ್ತೇನೆ’ ಎಂಬ ಉತ್ತರ ಬಂದರೆ, ನಮ್ಮ ಕಡೆ ಅದರ ಅರ್ಥ ಎಲ್ಲರಿಗೂ ಗೊತ್ತು. ಒತ್ತಾಯ ಬೇಡ. ‘ಹಾಗಾದ್ರೆ ಯಾವ ದಿನ ಅಡ್ಡಿಲ್ಲ?’ ಎಂದು ಒಂದೇ ಪ್ರಶ್ನೆ ಕೇಳಿ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ ಕೇಳಿ, ಅಲ್ಲಿಗೆ ನಿಲ್ಲಿಸಿ. ಕೆಡುವುದು ಎಲ್ಲಿ ಎಂದರೆ, ‘ಯಾಕೆ ಬರ್ಲಿಲ್ಲ?’ ಎಂದು ಗ್ರೂಪಿನಲ್ಲೇ ಟ್ಯಾಗ್ ಮಾಡಿದಾಗ. ಅದು ಹಾಜರಿ ಪುಸ್ತಕ ಹಿಡಿದ ಮಾಸ್ತರರ ದನಿ. ಐವತ್ತು ದಾಟಿದ ಮಾವನಿಗೆ ಆ ದನಿ ಬೇಕಿಲ್ಲ.

ಇದನ್ನು ಅಡ್ಮಿನ್ ಒಬ್ಬರೇ ಮಾಡಲಾಗದು. ವಾಟ್ಸಾಪ್ ಗ್ರೂಪಿಗೆ 1024 ಜನ ಸೇರಬಹುದು, ಆದರೆ ಯಾರು ಬರಲಿಲ್ಲ ಎಂದು ನೆನಪಿಟ್ಟುಕೊಳ್ಳಲು ಆಗುವುದು ನಾಲ್ಕೈದು ಜನರದ್ದು. ದೊಡ್ಡ ಗ್ರೂಪು ಸುದ್ದಿಗೆ ಇರಲಿ, ಒಳಗೆ ಕೋಡಿಬಾಗದವರು ಐವರು, ಕಾಜುಬಾಗದವರು ನಾಲ್ವರು ಎಂದು ಹತ್ತಿರದ ಮನೆಯವರ ತಂಡ ಮಾಡಿ, ವಾರಕ್ಕೊಬ್ಬರ ಪಾಳಿ ಹಾಕಿ. ಪಾಳಿಯವರ ಕೆಲಸ ದಿನಕ್ಕೆ ಐದು ನಿಮಿಷದ್ದು. ರಾತ್ರಿ ಒಂಬತ್ತರೊಳಗೆ ಪ್ರತಿಯೊಬ್ಬರೂ ಒಂದೇ ಸಾಲು ಬರೆಯಬೇಕು: ‘ಆಯ್ತು 20’ ಅಂದರೆ ಇಪ್ಪತ್ತು ನಿಮಿಷ. ವಿಶ್ರಾಂತಿ ತೆಗೆದುಕೊಂಡವರು ‘ರಜೆ’ ಎಂದು ಬರೆಯಲಿ. ಈ ರಜೆ ಎಂಬ ಶಬ್ದ ಇರಲೇಬೇಕು. ಅದಿಲ್ಲದಿದ್ದರೆ ಜ್ವರ ಬಂದವರೂ ಸೋಮಾರಿಯೂ ಒಂದೇ ಪಟ್ಟಿಗೆ ಸೇರುತ್ತಾರೆ, ಇಲ್ಲಾ ಜ್ವರದಲ್ಲೂ ನಡೆಯಲು ಹೋಗುತ್ತಾರೆ. ರಾತ್ರಿಯಿಡೀ ಯಕ್ಷಗಾನದ ಆಟ ನೋಡಿ ಬಂದವರಿಗೂ ಮರುದಿನ ರಜೆಯೇ ಸರಿ. ನಿದ್ದೆಗೆಟ್ಟ ಮೈಗೆ ಕಸರತ್ತು ಬೇಡ.

ಇನ್ನು ಹೊಗಳಿಕೆ. ‘ಸೂಪರ್’ ಎಂದರೆ ಹೇಳಿದವರಿಗೂ ಖರ್ಚಿಲ್ಲ, ಕೇಳಿದವರಿಗೂ ಲಾಭವಿಲ್ಲ. ‘ನಿನ್ನೆ ಆ ಮಳೇಲೂ ಜಗಲಿಯಲ್ಲೇ ಹದಿನೈದು ನಿಮಿಷ ಮುಗಿಸಿದ್ರಲ್ಲ’ ಎಂದರೆ ಯಾರೋ ನೋಡಿದ್ದಾರೆ ಎಂದಾಯಿತು. ಮಾಡಿದ್ದು ಏನು, ಕಷ್ಟ ಏನಿತ್ತು, ಎರಡು ಹೇಳಿದರೆ ಸಾಕು. ನಿಜ ಹೇಳಬೇಕೆಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಬೇರೆ ಹೊಗಳಿಕೆಯೇ ಬೇಕಿಲ್ಲ, ‘ಅಡ್ಡಿಲ್ಲ’ ಇದೆ. ಬಯಲುಸೀಮೆಯವರಿಗೆ ಅದು ಸುಮಾರಾಗಿದೆ ಎಂದಂತೆ ಕೇಳಿಸುತ್ತದೆ. ಇಲ್ಲಿ ಅಡುಗೆಗೂ ಅಳಿಯನಿಗೂ ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಕೊಟ್ಟದ್ದು ಕಡಿಮೆ.

ತೂಕ ಇಳಿದದ್ದನ್ನು ಹೊಗಳುವುದರಲ್ಲಿ ಮಾತ್ರ ಹುಷಾರು. ಉಪ್ಪು, ನೀರು, ಊಟದ ಮೇಲೆ ಒಂದೇ ದಿನದಲ್ಲಿ ಒಂದೆರಡು ಕಿಲೋ ಹೆಚ್ಚುಕಡಿಮೆ ಆಗುತ್ತದೆ. ದಿನಾ ತಕ್ಕಡಿ ಫೋಟೋ ಹಾಕುವ ಪದ್ಧತಿ ಇದ್ದರೆ ನಿಲ್ಲಿಸಿ. ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟ ಅಳೆದು ತಮ್ಮ ಡೈರಿಯಲ್ಲಿ ಬರೆದುಕೊಂಡರೆ ಆಯಿತು. ಭಾರತೀಯರಿಗೆ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ಗಡಿ ಎಂದು ವೈದ್ಯರು ಹಿಡಿಯುತ್ತಾರೆ.

ಯಾರು ಎಷ್ಟು ನಡೆದರು ಎಂಬ ಸ್ಟೆಪ್ಸಿನ ಪಟ್ಟಿಯೂ ಹಾಗೇ. 10,000 ಎಂಬ ಸಂಖ್ಯೆ ಯಾವ ವೈದ್ಯರ ಚೀಟಿಯಿಂದಲೂ ಬಂದದ್ದಲ್ಲ, 1965ರಲ್ಲಿ ಜಪಾನಿನ ಕಂಪನಿಯೊಂದು ಮಾರಿದ ಹೆಜ್ಜೆ ಎಣಿಸುವ ಯಂತ್ರದ ಹೆಸರೇ ‘ಹತ್ತು ಸಾವಿರ ಹೆಜ್ಜೆ ಮೀಟರು’. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯುಗಳಿಗೆ ಕೆಲಸ. ಮಧ್ಯಮ ಬಿರುಸು ಎಂದರೆ ಮಾತಾಡಬಹುದು, ಹಾಡಲು ಆಗಬಾರದು. ಎಣಿಸಿ ನೋಡುವುದಾದರೆ 15 ಸೆಕೆಂಡಿಗೆ 25 ಹೆಜ್ಜೆ.

ಪಟ್ಟಿ ಮೋಸ ಮಾಡುವುದಕ್ಕೆ ಕಾರವಾರದ ಟಾಗೋರ್ ಬೀಚಿನಷ್ಟು ಒಳ್ಳೆಯ ಉದಾಹರಣೆ ಸಿಗಲಿಕ್ಕಿಲ್ಲ. ಒಣಗಿದ ಸಡಿಲು ಹೊಯ್ಗೆಯಲ್ಲಿ, ಅಂದರೆ ಮರಳಿನಲ್ಲಿ, ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು, 2.1ರಿಂದ 2.7 ಪಟ್ಟು ಎಂದು ಅಳೆದಿದ್ದಾರೆ. ಅಲ್ಲಿ 2,500 ಹೆಜ್ಜೆ ಹಾಕಿದವರು ಪಟ್ಟಿಯಲ್ಲಿ ಕೊನೆ, ಡಾಂಬರು ರಸ್ತೆಯಲ್ಲಿ 5,000 ಹಾಕಿದವರು ಮೇಲೆ. ಹೊಸಬರನ್ನು ಮೊದಲ ದಿನವೇ ಬರಿಗಾಲಲ್ಲಿ ಒಣ ಹೊಯ್ಗೆಗೆ ಇಳಿಸಬೇಡಿ. ಹಿಮ್ಮಡಿ ಹುಗಿದು ಹೋಗುತ್ತದೆ, ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಎಳೆಯುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಮೊದಲ ಹೆಜ್ಜೆ ಇಡುವಾಗ ಅಂಗಾಲು ಚುಚ್ಚಿದರೆ ಅತಿಯಾಯಿತು ಎಂದೇ ಲೆಕ್ಕ. ಮೊದಲ ಎರಡು ವಾರ ನೀರು ಆಗಷ್ಟೇ ಇಳಿದು ಹೋದ ಗಟ್ಟಿ ಒದ್ದೆ ಪಟ್ಟಿಯ ಮೇಲೆ, ಶೂ ಹಾಕಿಕೊಂಡು ನಡೆಯಲಿ. ಒಣ ಹೊಯ್ಗೆ ಕೊನೆಯಲ್ಲಿ ಐದು ನಿಮಿಷ ಮಾತ್ರ. ಆ ಒದ್ದೆ ಪಟ್ಟಿ ಸಮುದ್ರದ ಕಡೆ ವಾಲಿರುವುದರಿಂದ ಒಂದು ಕಾಲು ಯಾವಾಗಲೂ ತಗ್ಗಿನಲ್ಲಿ ಬೀಳುತ್ತದೆ. ಹೋದಷ್ಟೇ ದೂರ ಅದೇ ಪಟ್ಟಿಯಲ್ಲಿ ವಾಪಸ್ ಬಂದರೆ ಎರಡೂ ಕಾಲಿಗೆ ಸಮ. ಹೋಗುವಾಗ ಹೊಯ್ಗೆ, ಬರುವಾಗ ರಸ್ತೆ ಎನ್ನುವವರಿಗೆ ಒಂದೇ ಬದಿಯ ಸೊಂಟ, ಒಂದೇ ಮೊಣಕಾಲು ನೋಯುವುದು ಇದಕ್ಕೇ.

ಉಬ್ಬರ ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಈ ವಾರ ಬೆಳಗಿನ ಆರಕ್ಕೆ ಅಗಲವಾಗಿದ್ದ ಒದ್ದೆ ಪಟ್ಟಿ ಮುಂದಿನ ವಾರ ಅದೇ ಹೊತ್ತಿಗೆ ನೀರಡಿ ಇರುತ್ತದೆ. ಪಾಳಿಯವರು ಹಿಂದಿನ ರಾತ್ರಿಯೇ ‘ನಾಳೆ ಉಬ್ಬರ, ಮಾಲಾದೇವಿ ಮೈದಾನ’ ಎಂದು ಹಾಕಿಬಿಟ್ಟರೆ ಅದೇ ದೊಡ್ಡ ಪ್ರೋತ್ಸಾಹ.

ಹಾಗೇ, ಐದು ಗಂಟೆಗೆ ಏಳಿ ಎಂಬ ಬೆಂಗಳೂರಿನ ಫಾರ್ವರ್ಡು. ಜನವರಿಯಲ್ಲಿ ಕಾರವಾರಕ್ಕೆ ಬೆಳಕು ಬರುವುದು ತಡ, ಸೂರ್ಯ ಏಳುವುದು ಏಳು ದಾಟಿದ ಮೇಲೆ. ಕತ್ತಲಲ್ಲಿ ಹೆದ್ದಾರಿ ಬದಿ ನಡೆಯುವುದಕ್ಕಿಂತ ಸಂಜೆ ನಡೆದರೆ ನಷ್ಟವೇನು? ಏಪ್ರಿಲ್, ಮೇಯಲ್ಲಿ ಮಾತ್ರ ಬೆಳಗೇ ಸರಿ. ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಬೆವರು ಆರದೆ ಮೈ ತಣಿಯುವುದಿಲ್ಲ. ಆಗ ವೇಗ ಇಳಿಸಬೇಕು, ಶಿರಸಿಯವರ ವೇಗದ ಜೊತೆ ಹೋಲಿಸಬಾರದು. ಅವರಿಗೆ ಬೇರೆ ಕಷ್ಟ: ಏರಿನಲ್ಲಿ ಏದುಸಿರು, ಇಳುಕಲಿನಲ್ಲಿ ತೊಡೆ. ಇಳಿದ ಮರುದಿನ, ಮೂರನೇ ದಿನ ತೊಡೆ ಹಿಡಿದುಕೊಳ್ಳುವುದು ಸಹಜ. ಸಿದ್ದಾಪುರದ ಕಡೆ, ಮಂಗನ ಕಾಯಿಲೆ ಕಾಣಿಸುವ ಊರುಗಳಲ್ಲಿ ಡಿಸೆಂಬರಿನಿಂದ ಮೇವರೆಗೆ ಕಾಡಿನ ಕಾಲುದಾರಿ ಬಿಟ್ಟುಬಿಡಿ. ಆ ಕಾಯಿಲೆ ಹರಡುವ ಉಣುಗು ಕಚ್ಚಿಸಿಕೊಂಡು ಗಳಿಸುವ ಫಿಟ್ನೆಸ್ ಬೇಡ.

ಗ್ರೂಪುಗಳು ಸಾಯುವುದು ಜೂನಿನಲ್ಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ‘ಮಳೆ ನಿಂತ ಮೇಲೆ ಶುರು ಮಾಡುವಾ’ ಎಂದರೆ ಗಣೇಶ ಚೌತಿ ಬರುತ್ತದೆ, ಚಕ್ಕುಲಿ ಡಬ್ಬದ ಜೊತೆ. ಮೀನುಗಾರಿಕೆ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ರಜೆ. ನಮಗೂ ಅದೇ 61 ದಿನಕ್ಕೆ ಬೇರೆ ನಿಯಮ ಇರಲಿ, ದಿನಕ್ಕೆ ಹತ್ತು ನಿಮಿಷ, ಮನೆಯೊಳಗೆ. ಜಗಲಿಯ ಒಂದು ಮೆಟ್ಟಿಲು ಬೇಕು, ಆರರಿಂದ ಎಂಟು ಇಂಚಿನದು, ಪಾಚಿ ಇಲ್ಲದ್ದು. ಪೂರ್ತಿ ಪಾದ ಮೆಟ್ಟಿಲ ಮೇಲೆ ಊರಿ ಹತ್ತಿ, ನಿಧಾನ ಇಳಿಯಿರಿ, ಬಲಗಾಲು ಮುಂದಿಟ್ಟು ಹತ್ತು ಸಲ, ಎಡಗಾಲು ಹತ್ತು ಸಲ. ಮೆಟ್ಟಿಲ ಅಂಚಿಗೆ ಬರೀ ಬೆರಳು ಊರಿದರೆ ಮೊಣಕಾಲು ಮುಂದೆ ತಳ್ಳಿ ನೋಯುತ್ತದೆ. ಆಮೇಲೆ ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ಎಂಟರಿಂದ ಹತ್ತು. ಪ್ಲಾಸ್ಟಿಕ್ ಕುರ್ಚಿ ಹಿಂದೆ ಜಾರುತ್ತದೆ, ಗೋಡೆಗೆ ತಾಗಿಸಿ ಇಡಿ. ಗೋಡೆಗೆ ಕೈ ಕೊಟ್ಟು ದಂಡ ಹತ್ತು. ಕೊನೆಗೆ ಎರಡು ಬಕೆಟಿಗೆ ಐದೈದು ಲೀಟರ್ ನೀರು ತುಂಬಿ, ಬೆನ್ನು ನೆಟ್ಟಗಿಟ್ಟು ಜಗಲಿಯ ಆ ತುದಿ ಈ ತುದಿ ಒಂದು ನಿಮಿಷ. ಒಂದು ಸುತ್ತಿಗೆ ನಾಲ್ಕೈದು ನಿಮಿಷ, ಅಂಥವು ಎರಡು. ವಾರ ಕಳೆದ ಹಾಗೆ ಬಕೆಟಿಗೆ ಒಂದೊಂದು ಲೀಟರ್ ಏರಿಸಿ. ಒಂದು ಲೀಟರ್ ನೀರು ಒಂದು ಕಿಲೋ, ಡಂಬೆಲ್ ಕೊಳ್ಳುವುದೇ ಬೇಡ. ಮಳೆಗಾಲದಲ್ಲಿ ಗ್ರೂಪಿನಲ್ಲಿ ‘ಆಯ್ತು 10’ ಎಂದು ಬಿದ್ದರೆ ಅದು ಫೆಬ್ರವರಿಯ ‘ಆಯ್ತು 40’ಕ್ಕೆ ಸಮ ಎಂದು ಮೊದಲೇ ಮಾತಾಡಿಕೊಳ್ಳಿ.

ಊಟದ ಬಗ್ಗೆ ಗ್ರೂಪಿನಲ್ಲಿ ಎಷ್ಟು ಕಡಿಮೆ ಮಾತಾಡಿದರೆ ಅಷ್ಟು ಒಳ್ಳೆಯದು. ಅರ್ಧ ಜನ ಬಂಗಡೆಯವರು, ಅರ್ಧ ಜನ ತಂಬುಳಿಯವರು, ಜಗಳ ಬೇಗ ಹತ್ತುತ್ತದೆ.

ಹುರಿದುಂಬಿಸುವುದನ್ನು ನಿಲ್ಲಿಸಬೇಕಾದ ಹೊತ್ತೂ ಇದೆ. ಸ್ನಾಯು ನೋವು ಮಂದ, ಹರಡಿಕೊಂಡಿರುತ್ತದೆ, ಮೂರು ದಿನದಲ್ಲಿ ಇಳಿಯುತ್ತದೆ. ಅದಕ್ಕೆ ‘ನಿಧಾನ ನಡೆಯಿರಿ’ ಎನ್ನಬಹುದು. ಒಂದೇ ಬಿಂದುವಿನಲ್ಲಿ ಚುಚ್ಚುವ ಗಂಟು ನೋವಿಗೆ, ಬಾವಿಗೆ ‘ರಜೆ’. ಎದೆ ಹಿಡಿದಂತಾಗುವುದು, ದವಡೆಗೆ ಅಥವಾ ಎಡಗೈಗೆ ಇಳಿಯುವ ನೋವು, ತಲೆ ಸುತ್ತು, ಎಂದಿಲ್ಲದ ಏದುಸಿರು ಇದ್ದರೆ ಅಲ್ಲೇ ಕೂರಿಸಿ ಆಸ್ಪತ್ರೆಗೆ. ಅಲ್ಲಿ ‘ಇನ್ನೊಂದು ಸುತ್ತು ಆಗುತ್ತೆ ಬನ್ನಿ’ ಎನ್ನುವ ಗೆಳೆಯ ಗೆಳೆಯನಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಕಿಸೆಯಲ್ಲಿ ಗ್ಲೂಕೋಸ್ ಇಟ್ಟುಕೊಂಡಿರಲಿ, ಜೊತೆಗೆ ನಡೆಯುವ ಒಬ್ಬರಿಗಾದರೂ ಅದು ಗೊತ್ತಿರಲಿ.

ನಲವತ್ತು ದಿನ ಬಿಟ್ಟು ವಾಪಸ್ ಬರುವವರು ಇರುತ್ತಾರೆ. ಅಡಿಕೆ ಕೊಯ್ಲು ಮುಗಿಸಿ, ಮಗಳ ಬಾಣಂತನ ಮುಗಿಸಿ. ಅವರು ಮಾಡುವ ತಪ್ಪು ಒಂದೇ, ಬಿಟ್ಟ ದಿನ ಎಷ್ಟು ನಡೆಯುತ್ತಿದ್ದರೋ ಬಂದ ದಿನವೂ ಅಷ್ಟೇ ನಡೆಯುವುದು. ಎರಡರಿಂದ ನಾಲ್ಕು ವಾರ ಬಿಟ್ಟರೇ ದಮ್ಮು ಇಳಿದಿರುತ್ತದೆ, ಮರುದಿನ ಮೈಯೆಲ್ಲ ನೋವು, ಮತ್ತೆ ನಾಪತ್ತೆ. ಮೊದಲ ವಾರ ಹಿಂದಿನದರ ಅರ್ಧ, ಎರಡನೇ ವಾರ ಮುಕ್ಕಾಲು. ಇಷ್ಟು ದಿನ ಎಲ್ಲಿದ್ದಿರಿ ಎಂದು ಯಾರೂ ಕೇಳಬಾರದು, ‘ವೆಲ್‌ಕಮ್ ಬ್ಯಾಕ್’ ಹೂಗುಚ್ಛವೂ ಬೇಡ. ಅವರು ‘ಆಯ್ತು 10’ ಎಂದು ಹಾಕುತ್ತಾರೆ. ಕೆಳಗೆ ಪಾಳಿಯವರು ಬರೆಯಬೇಕಾದದ್ದು ಇಷ್ಟೇ: ‘ಅಡ್ಡಿಲ್ಲ ಮಾವ. ನಾಳೆ ಇಳಿತ, ಆರೂಕಾಲಿಗೆ ಹಡಗಿನ ಹತ್ತಿರ.’