ಲೆಕ್ಕದ ಪಂದ್ಯ ಮತ್ತು ಅಪ್ಪಂದಿರ ಪಂದ್ಯ

ಮುಂಬೈಯ ಹೈಸ್ಕೂಲುಗಳ ಗಣಿತ ತಂಡಗಳ ನಡುವೆ ಪೈಪೋಟಿ ಇರಬಾರದು ಎನ್ನುವವರ ಸಾಲಿನಲ್ಲಿ ನಾನಿಲ್ಲ. ಎದುರಾಳಿ ಗಟ್ಟಿಯಿದ್ದರೆ ಹುಡುಗರು ರಾತ್ರಿ ಹನ್ನೊಂದಕ್ಕೂ ತಾವಾಗಿಯೇ ಲೆಕ್ಕ ಬಿಡಿಸುತ್ತ ಕೂರುತ್ತಾರೆ. ನನ್ನ ತಕರಾರಿರುವುದು ಆ ಪೈಪೋಟಿಯನ್ನು ನಾವು ಹಿರಿಯರು ಕೈಗೆತ್ತಿಕೊಳ್ಳುವ ಬಗೆಯ ಕುರಿತು.

ಕಳೆದ ತಿಂಗಳು ಡೊಂಬಿವಲಿಯಲ್ಲಿ ನಡೆದ ಅಂತರಶಾಲಾ ಸ್ಪರ್ಧೆಯೊಂದರಲ್ಲಿ, ತ್ರಿಭುಜದ ಎರಡು ಬಾಹುಗಳ ಮೊತ್ತವು ಅವು ಕೂಡುವ ಮೂಲೆಯಿಂದ ಎದುರು ಬಾಹುವಿನ ನಡುಬಿಂದುವಿಗೆ ಎಳೆದ ಮಧ್ಯರೇಖೆಯ ಎರಡರಷ್ಟಕ್ಕಿಂತ ಹೆಚ್ಚೆಂದು ಸಾಧಿಸುವ ಪ್ರಶ್ನೆಯಿತ್ತು. ಒಂದು ತಂಡ ನಿರ್ದೇಶಾಂಕಗಳನ್ನು ಹಿಡಿದು ಬೋರ್ಡು ತುಂಬ ಬರೆಯಿತು. ಎದುರು ತಂಡದ ಹುಡುಗ ಮಧ್ಯರೇಖೆಯನ್ನು ಅಷ್ಟೇ ಉದ್ದಕ್ಕೆ ಮುಂದೆಳೆದು ಸಮಾಂತರ ಚತುರ್ಭುಜ ಮಾಡಿದ. ಉಳಿದದ್ದು ಒಂದೇ ಸಾಲು: ತ್ರಿಭುಜದ ಎರಡು ಬಾಹುಗಳು ಸೇರಿದರೆ ಮೂರನೆಯದಕ್ಕಿಂತ ಉದ್ದ. ಸೋತ ತಂಡದ ಕನ್ನಡದ ಹುಡುಗಿ ಕಣ್ಣರಳಿಸಿ ಆ ಚಿತ್ರವನ್ನು ಪ್ರಶ್ನೆಪತ್ರಿಕೆಯ ಹಿಂಬದಿಗೆ ಇಳಿಸಿಕೊಳ್ಳುತ್ತಿದ್ದಾಗ ಅವಳ ತಂದೆ, "ಅವರದ್ಯಾಕೆ ಬರ್ಕೊಳ್ತೀಯೇ, ನಡಿ" ಎಂದು ರಟ್ಟೆ ಹಿಡಿದು ಎಬ್ಬಿಸಿದರು. ಆ ಮಧ್ಯಾಹ್ನ ನಿಜಕ್ಕೂ ಸೋತವರು ಯಾರೆಂದು ಅವರಿಗೆ ಹೊಳೆದಿರಲಿಕ್ಕಿಲ್ಲ.

ಇದೇ ಪಾಲಕರ ಬಾಯಲ್ಲಿ ಸದಾ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನ ಮಾತು. ಅಲ್ಲಿ ದೇಶಕ್ಕೆ ಆರು ಮಂದಿ ಹೋಗುತ್ತಾರೆ, ನಿಜ. ಆದರೆ ಎರಡು ದಿನ, ದಿನಕ್ಕೆ ನಾಲ್ಕೂವರೆ ಗಂಟೆ, ಮೂರು ಮೂರು ಲೆಕ್ಕಗಳನ್ನು ಒಬ್ಬೊಬ್ಬರೂ ಒಂಟಿಯಾಗಿ ಬಿಡಿಸಬೇಕು, ಪದಕವೂ ಅವರವರದೇ. 2024ರಲ್ಲಿ ಭಾರತ ನಾಲ್ಕನೆಯದಾಯಿತೆಂದು ನಾವೆಲ್ಲ ಹಿಗ್ಗಿದೆವಲ್ಲ, ಆ ಸ್ಥಾನ ಆರು ಮಂದಿಯ ಅಂಕಗಳನ್ನು ಕೂಡಿಸಿ ಹೇಳುವ ಅನಧಿಕೃತ ಲೆಕ್ಕ. (ಹಿಗ್ಗಿದ್ದಕ್ಕೆ ನನಗೇನೂ ಬೇಸರವಿಲ್ಲ.) ಇನ್ನು ಆಯ್ಕೆಯ ದಾರಿಯಲ್ಲಿ, ಬೇರೆ ಬೇರೆ ಊರು, ಶಾಲೆ, ಕೋಚಿಂಗ್ ಕ್ಲಾಸುಗಳ ಮಕ್ಕಳು ತರಬೇತಿ ಶಿಬಿರದಲ್ಲಿ ಒಟ್ಟಿಗೆ ಉಂಡು, ಒಟ್ಟಿಗೆ ತಲೆ ಕೆರೆದುಕೊಳ್ಳುತ್ತಾರೆ; ಮುಂಬೈಯ ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಇಂಥ ಶಿಬಿರಗಳನ್ನು ವರ್ಷಗಟ್ಟಲೆ ನಡೆಸಿದೆ. ನಿನ್ನೆಯ ಎದುರಾಳಿಯ ಜಾಣತನವನ್ನು ನೋಡಲೊಲ್ಲದವರಿಗೆ ಅಲ್ಲಿ ದಕ್ಕುವುದು ಅಷ್ಟಕ್ಕಷ್ಟೆ.

ಸ್ಪರ್ಧೆ ಏರ್ಪಡಿಸುವವರಲ್ಲಿ ನನ್ನ ಕೋರಿಕೆ ಇಷ್ಟೇ: ಫಲಿತಾಂಶ ಸಾರಿದ ಮೇಲೆ ಎರಡೂ ತಂಡಗಳನ್ನು ಬೋರ್ಡಿನ ಮುಂದೆ ಕಾಲು ಗಂಟೆ ನಿಲ್ಲಿಸಿ, ಪರಸ್ಪರರ ಉತ್ತರಗಳನ್ನು ವಿವರಿಸಲು ಬಿಡಿ. ಸಮಯವಿಲ್ಲವೆನ್ನುವಿರಾದರೆ, ಮುಖ್ಯ ಅತಿಥಿಗಳ ಭಾಷಣದಿಂದ ಕಡಿತ ಮಾಡಿಕೊಳ್ಳಬಹುದು.